ಮೂರು ಒತ್ತಿದರೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ಭಾವ ಗಟ್ಟಿಮುಟ್ಟಾಗಿದ್ದಾರೆ. ಇವತ್ತು ಬೆಳಿಗ್ಗೆಯೂ ಮನೆಗೆ ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ವಾಪಸ್ ಬಂದು ಬೀಗ ಜಗ್ಗಿ ನೋಡಿಯೇ ಕೆಲಸಕ್ಕೆ ಹೋದರು. ಕೇಳುವವರ ಜೀವ ಹಿಂಡುವುದು ನನಗೆ ಇಷ್ಟವಿಲ್ಲ. ಆ ದಿನ ನನ್ನ ಜೀವ ಹಿಂಡಿಹೋಗಿದ್ದೇ ಸಾಕು.

ಕಾರ್ಖಾನೆಗಳಲ್ಲಿ ಯಾವ ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಒಂದು ಪೆಟ್ಟಿಗೆ ಇರುತ್ತದೆ. ಪಿಎಲ್‌ಸಿ ಅನ್ನುತ್ತಾರೆ. ಅದಕ್ಕೆ ಬುದ್ಧಿಯಿದೆ, ಬಾಯಿಲ್ಲ. ಅದರೊಡನೆ ಮಾತಾಡಲು ಒಂದು ಟಚ್ ಪ್ಯಾನಲ್ ಕೂರಿಸಿ, ಎರಡರ ನಡುವೆ ಕೇಬಲ್ ಎಳೆದು, ಇದು ಹೇಳಿದ್ದು ಅದಕ್ಕೆ ತಿಳಿಯುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಎರಡೂ ಒಂದೇ ಕಂಪನಿಯವಾದರೆ ಅರ್ಧ ದಿನ ಸಾಕು. ಬೇರೆ ಬೇರೆ ಕಂಪನಿಯವಾದರೆ ಹೊಸ ಬೀಗರನ್ನು ಎದುರುಬದುರು ಕೂರಿಸಿದ ಹಾಗೆ. ಇಬ್ಬರೂ ನಗುನಗುತ್ತಾ ತಲೆಯಾಡಿಸುತ್ತಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿರುವುದಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಬಣ್ಣದ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಅವರಿಗೆ ‘ಇನ್ನೊಂದ್ಸಲ’ ಅಂತಲೇ ಹೆಸರು, ಏಕೆಂದರೆ ಯಾವ ನಟ್ಟು ಬಿಗಿ ಮಾಡಿದರೂ ಇನ್ನೊಂದು ಸಲ ಬಿಗಿ ಮಾಡದೆ ಬಿಡುವವರಲ್ಲ. ಮನೆಯಲ್ಲೂ ಅದೇ ಕಥೆ. ಅಕ್ಕ ಮದುವೆಯಾದ ಮೇಲೆ ಯಾವ ಸಿನಿಮಾವನ್ನೂ ಮೊದಲಿನಿಂದ ನೋಡಿದವಳಲ್ಲ. ಇವರು ಬಸ್‌ಸ್ಟಾಪಿನಿಂದ ಗ್ಯಾಸ್ ನೋಡಲು ಒಮ್ಮೆ, ನಲ್ಲಿ ನೋಡಲು ಒಮ್ಮೆ ಮನೆಗೆ ಓಡುತ್ತಾರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಇಂಥವರ ಪಕ್ಕದಲ್ಲಿ ಕೆಲಸ ಮಾಡುವ ಗ್ರಹಚಾರ ನನಗೆ ಒದಗಿ ಬಂದಿದ್ದು ಅವರ ಕಾರ್ಖಾನೆಯನ್ನು ಸ್ವಚ್ಛ ಮಾಡಲು ಎರಡು ದಿನ ನಿಲ್ಲಿಸಿದಾಗ.

ಬಣ್ಣ ಕಲಕಲು ಅಲ್ಲಿ ಆರು ಟ್ಯಾಂಕುಗಳು. ಒಂದೊಂದೂ ಆಳೆತ್ತರಕ್ಕಿಂತ ಹೆಚ್ಚು ಆಳ, ತಳದಲ್ಲಿ ಉಕ್ಕಿನ ದೊಡ್ಡ ರೆಕ್ಕೆ. ಟ್ಯಾಂಕುಗಳ ಬಾಯಿ ಇರುವುದು ಕಬ್ಬಿಣದ ಅಟ್ಟದ ಮೇಲೆ. ಮೋಟಾರುಗಳ ಫ್ಯೂಸ್ ಇರುವುದು ಕೆಳಗಡೆ, ಎರಡು ಮೆಟ್ಟಿಲ ಸಾಲು ಇಳಿದು, ಉಗ್ರಾಣ ಬಳಸಿ ಹೋದರೆ ಸಿಗುವ ಸ್ವಿಚ್ ಕೋಣೆಯಲ್ಲಿ. ಹಳೆಯ ಒತ್ತುಗುಂಡಿಗಳ ಮೇಜು ತೆಗೆದುಹಾಕಿ ಅಟ್ಟದ ಮೇಲೆ ಹೊಸ ಪ್ಯಾನಲ್ ಕೂರಿಸುವುದು ನನ್ನ ಪಾಲಿನದು. ಟ್ಯಾಂಕಿನೊಳಗೆ ಇಳಿದು ಒಣಗಿದ ಬಣ್ಣ ಕೆರೆದು ತೆಗೆಯುವುದು ಭಾವನದು.

ಮೊದಲ ದಿನ ಕೇಬಲ್ ಎಳೆದು ಮುಗಿಸಿದೆ. ಎರಡನೇ ದಿನ ಬೆಳಿಗ್ಗೆ ಪ್ಯಾನಲ್ಲಿಗೆ ವಿಳಾಸಗಳನ್ನು ತುಂಬಿಸಿದೆ. ಮೂರನೇ ಟ್ಯಾಂಕಿನ ವಿಷಯ ಪಿಎಲ್‌ಸಿಯಲ್ಲಿ ಎಷ್ಟನೇ ಮನೆಯಲ್ಲಿದೆ, ನಾಲ್ಕನೆಯದರದ್ದು ಎಷ್ಟನೇ ಮನೆಯಲ್ಲಿ, ಹೀಗೆ. ಪಿಎಲ್‌ಸಿಯ ಪುಸ್ತಕ ನೋಡಿಕೊಂಡು ಒಂದೊಂದೇ ಸಂಖ್ಯೆ ಒತ್ತಿದೆ. ಆರೂ ಟ್ಯಾಂಕುಗಳ ಉಷ್ಣತೆ ಪರದೆಯ ಮೇಲೆ ಬಂತು. ಐದು ಕಡೆ ಇಪ್ಪತ್ತೆಂಟು, ಆರನೆಯ ಕಡೆ ಮಾತ್ರ ಸೊನ್ನೆ. ಆರನೆಯದರ ಸೆನ್ಸರ್ ವೈರನ್ನು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮಹಾಶಯ ಬಿಚ್ಚಿಟ್ಟು ಮರೆತಿರಬೇಕು ಎಂದು ಮನಸ್ಸಿನಲ್ಲೇ ಬೈದು ಮುಂದೆ ಹೋದೆ. ಸಂಖ್ಯೆಗಳು ಬಂದವಲ್ಲ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇನ್ನು ಉಳಿದದ್ದು ಮೋಟಾರು ಓಡಿಸಿ ನೋಡುವುದು. ಒಂದು, ಎರಡರ ಮುಚ್ಚಳ ಒಣಗಲೆಂದು ತೆರೆದಿತ್ತು. ಐದು, ಆರರ ತಳದಲ್ಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಮೂರನೆಯದು ಸ್ವಚ್ಛವಾಗಿ, ಮುಚ್ಚಳ ಹಾಕಿ ತಯಾರಾಗಿತ್ತು. ಭಾವ ನಾಲ್ಕನೆಯದಕ್ಕೆ ಇಳಿಯಲು ತಲೆಗೆ ದೀಪ ಕಟ್ಟಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸೂಪರ್‌ವೈಸರ್ ಬಂದ.

"ಮಧ್ಯಾಹ್ನದೊಳಗೆ ಒಂದು ಟ್ಯಾಂಕಾದ್ರೂ ಓಡ್ಬೇಕು ಮೇಡಂ. ಮೇಲಿನವರು ನೋಡೋಕೆ ಬರ್ತಾರೆ."

"ಓಡುತ್ತೆ," ಅಂದೆ.

ಭಾವ ತಲೆಯ ದೀಪ ಬಿಚ್ಚಿ ಕೆಳಗಿಟ್ಟರು. "ಇರಮ್ಮ, ಕೆಳಗೆ ಹೋಗಿ ನಾಲ್ಕನೇದರ ಫ್ಯೂಸ್ ಕಿತ್ಕೊಂಡು ಬರ್ತೀನಿ."

ಒಂದೊಂದು ಟ್ಯಾಂಕಿಗೂ ಇವರು ಇಳಿದು, ಕಿತ್ತು, ಹತ್ತಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಬೆಳಿಗ್ಗೆಯಿಂದ ನೋಡಿ ನೋಡಿ ನನಗೆ ತಲೆ ಚಿಟ್ಟುಹಿಡಿದಿತ್ತು.

"ಯಾಕೆ ಭಾವ ಅದೆಲ್ಲ? ನಾನು ಒತ್ತೋದು ಮೂರು. ನಿಮ್ಮ ನಾಲ್ಕರ ಸುದ್ದಿಗೂ ಹೋಗಲ್ಲ. ಸುಮ್ನೆ ಇಳಿದು ಕೆಲಸ ಮುಗಿಸಿ. ಫ್ಯೂಸ್ ಮುಟ್ಟಬೇಡಿ, ಆಮೇಲೆ ಅದನ್ನ ಹಾಕೋದಕ್ಕೆ ಮತ್ತೆ ಅರ್ಧ ಗಂಟೆ ಕಾಯೋಕೆ ನನ್ನಿಂದಾಗಲ್ಲ."

"ಆಯ್ತಮ್ಮ, ಆಯ್ತು," ಅಂದರು.

ಭಾವನಿಗೆ ಜಗಳವೆಂದರೆ ಆಗದು. ಮೆಟ್ಟಿಲ ಕಡೆ ಹೋದರು. ನೀರು ಕುಡಿಯಲು ಹೋಗಿರಬೇಕು ಅಂದುಕೊಂಡೆ. ಪ್ಯಾನಲ್ಲಿನ ಗುಂಗಿನಲ್ಲಿ ಎಷ್ಟು ಹೊತ್ತಾಯಿತೆಂದು ನಾನು ನೋಡಲಿಲ್ಲ, ಅವರು ಬಂದು ಟ್ಯಾಂಕಿಗೆ ಇಳಿದರು. ಒಳಗಿನಿಂದ ಕರಕರ ಕೆರೆಯುವ ಸದ್ದು ಶುರುವಾಯಿತು.

ನಾನು ಪ್ಯಾನಲ್ಲಿನ ಮುಂದೆ ನಿಂತು ‘ಟ್ಯಾಂಕ್ ೩’ ಎಂಬಲ್ಲಿ ಹಸಿರು ಗುರುತು ಒತ್ತಿದೆ. ಪರದೆಯ ಮೇಲೆ ‘ಓಡುತ್ತಿದೆ’ ಎಂದು ಬಂತು. ಭೇಷ್ ಅಂದುಕೊಂಡೆ. ಆದರೆ ಮೂರನೇ ಟ್ಯಾಂಕ್ ಗಪ್‌ಚಿಪ್. ಕೈಯಿಟ್ಟು ನೋಡಿದೆ, ನಡುಕವೇ ಇಲ್ಲ. ಮೋಟಾರಿನ ವೈರ್ ಬಿಚ್ಚಿರಬೇಕು, ಮತ್ತೆ ಆ ಎಲೆಕ್ಟ್ರಿಷಿಯನ್ನೇ ಇರಬೇಕು ಎಂದು ಗೊಣಗುತ್ತಾ ಪಕ್ಕದಲ್ಲೇ ಇದ್ದ ಪಿಎಲ್‌ಸಿ ಪೆಟ್ಟಿಗೆಯ ಬಾಗಿಲು ತೆರೆದೆ. ಯಾವ ಮೋಟಾರಿಗೆ ಅಪ್ಪಣೆ ಹೋಗಿದೆ ಎಂದು ತೋರಿಸುವ ಪುಟ್ಟ ದೀಪಗಳ ಸಾಲು ಅದರಲ್ಲಿರುತ್ತದೆ. ಮೂರನೇ ದೀಪ ಆರಿತ್ತು. ನಾಲ್ಕನೆಯದು ಉರಿಯುತ್ತಿತ್ತು.

ಆ ಕ್ಷಣ ನನಗೆ ಎಲ್ಲವೂ ಗೊತ್ತಾಯಿತು. ಪಿಎಲ್‌ಸಿ ತನ್ನ ಮನೆಗಳನ್ನು ಒಂದರಿಂದ ಎಣಿಸುತ್ತದೆ. ನನ್ನ ಪ್ಯಾನಲ್ ಸೊನ್ನೆಯಿಂದ ಎಣಿಸುತ್ತದೆ. ನಾನು ಮೂರು ಎಂದು ಬರೆದದ್ದನ್ನು ಅದು ಸೊನ್ನೆ, ಒಂದು, ಎರಡು, ಮೂರು ಎಂದು ಎಣಿಸಿ ನಾಲ್ಕನೆಯ ಮನೆಯ ಬಾಗಿಲು ತಟ್ಟಿದೆ. ಓದುವಾಗಲೂ ಅಷ್ಟೇ, ನಾಲ್ಕರ ಸುದ್ದಿಯನ್ನು ತಂದು ಮೂರರದು ಎಂದು ತೋರಿಸಿದೆ. ಟ್ಯಾಂಕುಗಳೆಲ್ಲ ಖಾಲಿಯಾಗಿ ಒಂದೇ ಉಷ್ಣತೆಯಲ್ಲಿದ್ದುದರಿಂದ ಅದಲುಬದಲಾಗಿದ್ದು ಕಂಡಿರಲಿಲ್ಲ. ಆರನೆಯದರ ಸೊನ್ನೆ ಕೂಗಿ ಹೇಳುತ್ತಲೇ ಇತ್ತು, ಇಲ್ಲದ ಏಳನೇ ಟ್ಯಾಂಕನ್ನು ಹುಡುಕುತ್ತಿದ್ದೀಯ ಅಂತ. ನಾನು ಎಲೆಕ್ಟ್ರಿಷಿಯನ್ನನ್ನು ಬೈಯುತ್ತಾ ನಿಂತಿದ್ದೆ. ಈ ಕಸುಬಿನಲ್ಲಿ ಹನ್ನೊಂದು ವರ್ಷ ಕಳೆದವಳು ನಾನು.

ಇಷ್ಟನ್ನೂ ಹೇಳಲು ಹಿಡಿದ ಹೊತ್ತು ಅಲ್ಲಿ ಹಿಡಿಯಲಿಲ್ಲ. ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿಗೆ ಅಂಗೈಯಿಂದ ಗುದ್ದಿ ಓಡಿದೆ. ನಾಲ್ಕನೇ ಟ್ಯಾಂಕ್ ಅಲ್ಲಿಂದ ಹತ್ತು ಹೆಜ್ಜೆ. ಕೆರೆಯುವ ಸದ್ದು ಕೇಳಿಸುತ್ತಿರಲಿಲ್ಲ. ಅದು ನಿಂತಿತ್ತೋ, ನನ್ನ ಕಿವಿಯೇ ಕಟ್ಟಿತ್ತೋ ಗೊತ್ತಿಲ್ಲ. ಅಕ್ಕನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಟ್ಯಾಂಕಿನ ಬಾಯಿಗೆ ಬಂದೆ, ಆದರೆ ಬಗ್ಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡು ಬಗ್ಗಿದೆ.

"ಏನಮ್ಮ, ಊಟದ ಹೊತ್ತಾಯ್ತಾ?"

ಕಣ್ಣು ಬಿಟ್ಟೆ. ಭಾವ ಆ ರೆಕ್ಕೆಯ ಮೇಲೆಯೇ ಆರಾಮಾಗಿ ಕೂತು, ಕಾಲು ಇಳಿಬಿಟ್ಟು, ಕೆರೆಯುವ ಉಳಿಯ ಮೊನೆಯನ್ನು ಬೆರಳಿನಿಂದ ನೋಡುತ್ತಿದ್ದರು.

"ಮೇಲೆ ಬನ್ನಿ!"

"ಇರು, ಈ ಅಂಚು ಒಂಚೂರು ಉಳಿದಿದೆ."

"ಭಾವ, ಮೇಲೆ ಬರ್ತೀರೋ ಇಲ್ವೋ!" ನನ್ನ ಗಂಟಲಿನಿಂದ ಅಂಥ ಕಿರುಚು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಏಣಿ ಹತ್ತಿ ಬಂದರು. ಎರಡು ಕೈ, ಎರಡು ಕಾಲು, ತಲೆ, ತಲೆಗೆ ದೀಪ. ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ನಾನು ಅವರ ತೋಳು ಹಿಡಿದುಕೊಂಡೆ, ಬಿಡಲಾಗಲಿಲ್ಲ.

"ನಾಲ್ಕು ಓಡ್ತು ಭಾವ. ಮೂರು ಒತ್ತಿದೆ, ನಾಲ್ಕಕ್ಕೆ ಹೋಯ್ತು. ನೀವು ಒಳಗಿದ್ರಿ."

"ಓಡ್ಲಿಲ್ವಲ್ಲ," ಅಂದರು ಅವರು. ಮೇಲಂಗಿಯ ಜೇಬಿಗೆ ಕೈಹಾಕಿ ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದು ಬಿಚ್ಚಿದರು. ನಾಲ್ಕನೇ ಮೋಟಾರಿನ ಮೂರೂ ಫ್ಯೂಸ್‌ಗಳು. "ನೀನು ಬೇಡ ಅಂದೆ. ಮನಸ್ಸು ಕೇಳಲಿಲ್ಲ. ಎದುರು ಹೇಳಿದ್ರೆ ಬೈತೀಯ ಅಂತ ಸುಮ್ನೆ ಹೋಗಿ ಕಿತ್ಕೊಂಡು ಬಂದೆ."

ಕೆಳಗಿನ ಕೋಣೆಯಲ್ಲಿ ಸ್ವಿಚ್ಚು ನನ್ನ ಅಪ್ಪಣೆಯಂತೆ ಕೂಡಿಕೊಂಡಿತ್ತು, ಮೋಟಾರಿಗೆ ಮಾತ್ರ ಕರೆಂಟು ತಲುಪಿರಲಿಲ್ಲ. ನಾನು ಅಲ್ಲೇ ಕಬ್ಬಿಣದ ನೆಲದ ಮೇಲೆ ಕೂತೆ.

ಭಾವ ಮಾತ್ರ ಬಗ್ಗಿ, ತಾವು ಕೂತಿದ್ದ ರೆಕ್ಕೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ನನ್ನ ಪಕ್ಕಕ್ಕೆ ಬಂದು ಕೂತರು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಅವರ ಕೈಗೆ ಆಗಲಿಲ್ಲ. ನನ್ನ ಕೈಗೂ ಆಗಲಿಲ್ಲ. ಇಬ್ಬರೂ ಸೇರಿ ತೆಗೆದೆವು, ಅರ್ಧ ನೀರು ಅವರ ಪ್ಯಾಂಟಿನ ಮೇಲೆ ಚೆಲ್ಲಿತು.

ಸದ್ದು ಕೇಳಿ ಸೂಪರ್‌ವೈಸರ್ ಓಡಿ ಬಂದ. ಇದ್ದದ್ದು ಇದ್ದಹಾಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ಏನೂ ಆಗಿಲ್ವಲ್ಲ ಮೇಡಂ, ಇಲ್ಲಿಗೇ ಬಿಟ್ಬಿಡೋಣ," ಅಂದ. ಬಿಡಲಿಲ್ಲ. ದಿನದ ಕೆಲಸ ಬರೆದಿಡುವ ಹಾಳೆಯಲ್ಲಿ ‘ತಪ್ಪು ನನ್ನದು’ ಎಂದು ಬರೆದು, ಹೇಗಾಯಿತು ಎಂದೂ ಬರೆದು ಸಹಿ ಹಾಕಿದೆ. ಹಾಗೆ ಬರೆದ ಮೇಲೆ ಉಸಿರಾಟ ಹಗುರಾಯಿತು.

ಆಮೇಲೆ ಪ್ರತಿಯೊಂದು ವಿಳಾಸದಲ್ಲೂ ಒಂದು ಕಳೆದೆ. ಆರನೇ ಟ್ಯಾಂಕಿನ ಸೊನ್ನೆ ಹೋಗಿ ಇಪ್ಪತ್ತೆಂಟು ಬಂತು. ಎಲೆಕ್ಟ್ರಿಷಿಯನ್ನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆದರೆ ಮತ್ತೆ ಹಸಿರು ಗುರುತು ಒತ್ತಲು ಹೋದರೆ ಬೆರಳು ಮುಂದೆ ಹೋಗಲೊಲ್ಲದು. ಟ್ಯಾಂಕುಗಳ ಒಳಗೆ ಯಾರೂ ಇಲ್ಲ ಎಂದು ಆರನ್ನೂ ಬಗ್ಗಿ ನೋಡಿ ಬಂದೆ. ವಾಪಸ್ ಬಂದು ನಿಂತೆ. ಮತ್ತೆ ಹೋಗಿ ಆರನ್ನೂ ನೋಡಿದೆ. ಭಾವ ನನ್ನ ಹಿಂದೆ ಹಿಂದೆಯೇ ಬಂದು ತಾವೂ ಬಗ್ಗಿ ನೋಡಿದರು. ಒಬ್ಬ ಮನುಷ್ಯ ಯಾಕೆ ಹೀಗೆ ಮಾಡುತ್ತಾನೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಬರೀ ನಕ್ಕಿದ್ದೆ. ನಾಚಿಕೆಯಾಯಿತು.

"ಈಗ ಒತ್ತಮ್ಮ," ಅಂದರು.

ಒತ್ತಿದೆ. ಮೂರನೇ ದೀಪ ಹತ್ತಿತು, ಮೂರನೇ ಟ್ಯಾಂಕು ಗುಂಯ್ ಎಂದು ಸುತ್ತತೊಡಗಿತು. ಅಟ್ಟವೆಲ್ಲ ಸಣ್ಣಗೆ ಅದುರಿತು. ಇಷ್ಟು ವರ್ಷದಲ್ಲಿ ಎಷ್ಟೋ ಮೋಟಾರು ಓಡಿಸಿದ್ದೇನೆ, ಒಂದರ ಸದ್ದಿಗೂ ಕಣ್ಣು ಒರೆಸಿಕೊಂಡಿರಲಿಲ್ಲ.

ಐದು ಗಂಟೆಗೆ ಭಾವನ ಸ್ಕೂಟರಿನಲ್ಲೇ ಅಕ್ಕನ ಮನೆಗೆ ಹೊರಟೆವು. ಬಿಸಿಲು ಇನ್ನೂ ಇತ್ತು. ರಸ್ತೆಯಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು, ಯಾರದೋ ಮಹಡಿಯಿಂದ ಒಗೆದ ಬಟ್ಟೆಯ ನೀರು ತೊಟ್ಟಿಕ್ಕುತ್ತಿತ್ತು, ಎಲ್ಲವೂ ಬಲು ಚೆನ್ನಾಗಿತ್ತು. ಮನೆಯ ಮುಂದೆ ಇಳಿದಾಗ ಭಾವ ತಗ್ಗಿದ ದನಿಯಲ್ಲಿ, "ನಿಮ್ಮಕ್ಕಂಗೆ ಹೇಳ್ಬೇಡ. ನಾಳೆಯಿಂದ ಕೆಲಸಕ್ಕೇ ಬಿಡಲ್ಲ ಅವಳು," ಅಂದರು.

ಅಕ್ಕ ಅಡುಗೆಮನೆಯಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ನಾನೊಬ್ಬಳೇ ಒಳಗೆ ಬಂದದ್ದು ನೋಡಿ ಮುಖ ಗಂಟಿಕ್ಕಿದಳು.

"ಎಲ್ಲೇ ನಿಮ್ಮ ಭಾವ? ಸ್ಕೂಟರಿಗೆ ಬೀಗ ಹಾಕಿ, ಮತ್ತೆ ನೋಡೋಕೆ ಹೋದ್ರಾ? ಈ ಮನುಷ್ಯನ್ನ ಕಟ್ಕೊಂಡು ನನ್ನ ಅರ್ಧ ಆಯಸ್ಸು ಬಾಗಿಲಲ್ಲಿ ಕಾಯೋದ್ರಲ್ಲೇ ಹೋಯ್ತು ಕಣೇ."

ಹೇಳಬಾರದು ಎಂದೇ ಇದ್ದೆ. ಆದರೆ ಅವಳ ಮುಂದೆ ಸುಳ್ಳು ನನಗೆ ಚಿಕ್ಕಂದಿನಿಂದಲೂ ನಿಂತಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಯಾವುದು ಒತ್ತಿದೆ, ಯಾವುದಕ್ಕೆ ಹೋಯಿತು, ಭಾವ ಎಲ್ಲಿ ಕೂತಿದ್ದರು, ಎಲ್ಲವನ್ನೂ. ಫ್ಯೂಸ್ ಕೀಳಬೇಡಿ ಎಂದು ಹೇಳಿದವಳು ನಾನೇ ಎಂಬುದನ್ನೂ ಬಿಡಲಿಲ್ಲ. ಅವಳ ಚಾಕು ಒಂದು ಬೀನ್ಸಿನ ನಡುವೆ ನಿಂತಿತ್ತು.

"ನೀನು ಬೇಡ ಅಂದೆ," ಅಂದಳು ಕೊನೆಗೆ.

"ಹೂಂ ಅಕ್ಕ."

"ಅವರು ನಿನ್ನ ಮಾತು ಕೇಳಲಿಲ್ಲ."

"ಇಲ್ಲ."

ಅವಳು ನನಗೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದರೂ ಸರಿ ಎಂದು ಕಾದೆ. ಹೊರಗಡೆ ಸ್ಕೂಟರಿನ ಬೀಗ ಎರಡು ಸಲ ಜಗ್ಗಿದ ಸದ್ದು ಕೇಳಿಸಿತು.

"ನನ್ನ ಮಾತನ್ನೂ ಕೇಳಿಲ್ಲ ಕಣೇ," ಅಂದಳು ಅಕ್ಕ. "ಹದಿನೆಂಟು ವರ್ಷದಿಂದ ಹೇಳ್ತಾನೇ ಇದೀನಿ, ಬಡ್ಕೊಂಡಿದೀನಿ, ಅತ್ತಿದೀನಿ. ಒಂದು ದಿನ, ಒಂದೇ ಒಂದು ದಿನ ನನ್ನ ಮಾತು ಕೇಳಿಬಿಟ್ಟಿದ್ದಿದ್ರೆ?"

ಹಾಗೆಂದು ನಗತೊಡಗಿದಳು. ನಗು ಮುಗಿಯುವ ಮೊದಲೇ ಅಳು ಬಂತು. ನಾನು ಅವಳ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟು, ಬಾಗಿಲು ತೆರೆಯಲು ಎದ್ದೆ.