ಅಜ್ಜಿ ನಿಲ್ಲುವ ಜಾಗ

"ನಾನೇನು ಹೇಳಿದ್ರೂ ತಪ್ಪೇ ಅನ್ನುತ್ತಲ್ಲಾ ಇದು, ಯಾಕೆ?"

ರೇಡಿಯೋ ಕೇಂದ್ರದ ಧ್ವನಿಮುದ್ರಣದ ಕೋಣೆಯಲ್ಲಿ, ಅಲ್ಲಿನವರೆಲ್ಲ ಅಕ್ಕ ಎಂದೇ ಕರೆಯುವವಳು ಒಬ್ಬಳೇ ಕೂತು ಗೊಣಗುತ್ತಿದ್ದಳು. ಎದುರಿಗೆ ಕಪ್ಪು ಪರದೆ. ಅಲ್ಲಿ ಆಜ್ಞೆಗಳನ್ನು ಟೈಪ್ ಮಾಡಿಯೇ ಕೆಲಸ ಮಾಡಿಸಬೇಕು. ಶೆಲ್ ಎಂದು ಅದರ ಹೆಸರು. ಹೊಸ ಹೆಸರು ಏನು ಬರೆದರೂ ಅದು, 'ಇದಲ್ಲ, ಅದಿರಬೇಕು, ತಿದ್ದಲೇ?' ಎನ್ನುತ್ತಿತ್ತು. ದಿನಕ್ಕೆ ನೂರು ಸಲ ಕೇಳಿಸಿಕೊಂಡು ಆ ಕೋಣೆಯವರೆಲ್ಲ ಓದದೆಯೇ ಕೋಲೆಬಸವನ ಹಾಗೆ ಹೂಂ ಎಂದುಬಿಡುತ್ತಿದ್ದರು.

ಅಂದು ಬೆಳಿಗ್ಗೆ ಅಕ್ಕನೂ ಹೂಂ ಎಂದಿದ್ದಳು. ಅವಳ ಅಜ್ಜಿಯ ಪದ್ಯವಾಚನದ ಮೂಲ ಪ್ರತಿ 'ಅಜ್ಜಿ ಒಂದು' ಎಂಬ ಕಡತದಲ್ಲಿತ್ತು. ಪ್ರಸಾರದ ಯಜಮಾನರು ಕೇಳಿದ್ದರೆಂದು, ನಡುನಡುವಿನ ಮೌನ ಕತ್ತರಿಸಿದ ಪ್ರತಿಯನ್ನು 'ಅಜ್ಜಿ ಎರಡು' ಎಂದು ಇಡಹೊರಟಳು. ಎರಡು ಎಂಬುದು ಇನ್ನೂ ಇಲ್ಲವಲ್ಲ. ಶೆಲ್ 'ಒಂದು' ಎಂದು ತಿದ್ದಲೇ ಎಂದಿತು. ಹೂಂ. ಮೂಲ ಅಳಿದು, ಅದರ ಜಾಗದಲ್ಲಿ ಕತ್ತರಿಸಿದ್ದು ಕೂತಿತು.

ಕೇಳಿ ನೋಡಿದಾಗಲೇ ಅವಳಿಗೆ ಅದು ಗೊತ್ತಾದದ್ದು. ಕೊನೆಯ ಸಾಲಿಗೆ ಮುನ್ನ ಅಜ್ಜಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು, ನಾಲ್ಕು ಉಸಿರಿನಷ್ಟು ಹೊತ್ತು. ಚಿಕ್ಕಂದಿನಲ್ಲಿ ಅಕ್ಕ ದೇವರನ್ನು ಕಂಡದ್ದೇನಾದರೂ ಇದ್ದರೆ ಆ ಜಾಗದಲ್ಲೇ. ಈಗ ಅಜ್ಜಿ ಬಸ್ಸು ಹಿಡಿಯುವವಳ ಹಾಗೆ ಓಡುತ್ತಿದ್ದಳು. ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ದನಿಯೇ ಇಲ್ಲ. ಉಳಿದದ್ದು, ಆ ಮೂಲ ಪ್ರತಿಯನ್ನು ಇಳಿಸಿಕೊಂಡಿದ್ದ ಹಳೆಯ ಟೇಪೊಂದೇ. ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುವ ಸೋದರಮಾವ ಅದನ್ನು ಮುಟ್ಟಿ ನೋಡಿ, ಇನ್ನೊಂದು ಸಲ ಓಡೀತು, ಆಮೇಲಿನದ್ದು ನನ್ನನ್ನು ಕೇಳಬೇಡ ಎಂದ.

ಟೇಪಿಗೆ ಕೈ ಹಾಕುವ ಮೊದಲು ಅಕ್ಕ ಶೆಲ್ಲಿನ ಸೆಟ್ಟಿಂಗ್ ಕಡತ ತೆರೆದು, ತಿದ್ದುವ ಆಯ್ಕೆಯ ಸಾಲನ್ನು ಅಳಿಸಿದಳು. ಮತ್ತೆ ಶೆಲ್ ತೆರೆದು ಬೇಕೆಂದೇ ಇಲ್ಲದ ಹೆಸರೊಂದನ್ನು ಬರೆದಳು. ಅಂಥದ್ದಿಲ್ಲ ಎಂದಿತು, ಅಷ್ಟೇ.

"ಇನ್ಮೇಲೆ ತಪ್ಪಾದ್ರೆ ನಿನ್ನ ತಲೆಗೇ ಬರೋದು ಕಣಮ್ಮ" ಎಂದ ಮಾವ.

"ಬರ್ಲಿ ಬಿಡು ಮಾವ. ನನ್ನ ತಪ್ಪು ನಂಗೇ ಗೊತ್ತಾಗ್ಲಿ."

ಅಜ್ಜಿಯನ್ನೂ ಕರೆತಂದು ಕೂರಿಸಿದರು. ಟೇಪು ಸುತ್ತತೊಡಗಿತು. ದನಿಯಿಲ್ಲದ ತುಟಿಗಳು ಜೊತೆಜೊತೆಗೇ ಅಲುಗಿದವು. ಆ ಜಾಗ ಬಂತು. ಅಜ್ಜಿ ಕಣ್ಣು ಮುಚ್ಚಿದಳು. ಮಾವನ ಕೈಯಲ್ಲಿ ತಿರುಗುತ್ತಿದ್ದ ಸ್ಕ್ರೂಡ್ರೈವರ್ ಕೂಡ ನಿಂತಿತು. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಎಲ್ಲವೂ 'ಅಜ್ಜಿ ಎರಡು' ಕಡತದಲ್ಲಿ ಭದ್ರವಾಗಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಜಮಾನರು ಒಳಗೆ ಬಂದರು. ಚೆನ್ನಾಗಿದೆ, ಆದರೆ ಆ ಮೌನ ಬಂದಾಗ ಜನ ರೇಡಿಯೋ ಕೆಟ್ಟಿತೆಂದು ಅದರ ತಲೆಗೆ ತಟ್ಟುತ್ತಾರೆ, ಅದೊಂದನ್ನು ತೆಗೆದುಬಿಡು ಎಂದರು.

"ಇಲ್ಲ ಸಾರ್. ತೆಗೆಯಲ್ಲ."