ಏಳನೆಯ ಹಾಡಿನ ಅರ್ಥ

'ಏನೂ' ಅನ್ನುವಷ್ಟರಲ್ಲೇ ಮಾತು ನಿಂತುಬಿಟ್ಟರೆ? ಪ್ರೇರಣಾಳಿಗಿದ್ದ ಹೆದರಿಕೆ ಅಷ್ಟೇ. ಅತ್ತೆಯ ಮನೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಬಕೆಟ್ಟು ತುಂಬುವ ಸದ್ದಿನ ಮರೆಯಲ್ಲಿ ಅವಳು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು: "ಏನೂ ಇಲ್ಲ ಅತ್ತೆ." ಮೂರನೆಯ ಸಲ ಸರಿಯಾಗಿ ಬಂತು. ನಾಲ್ಕನೆಯ ಸಲ ಮತ್ತೆ ಕೆಟ್ಟಿತು. ನಿನ್ನೆ ರೈಲಿನಲ್ಲಿ ಬರುವಾಗ ಡೈರಿಯಲ್ಲಿ ಬರೆದುಕೊಂಡಿದ್ದಳು, 'ಮೂರೇ ಪದ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಮೂರು ಪದ ಹೇಳುವುದು ಏನು ಕಷ್ಟ?'

"ಒಳಗೇನು ಪಾರಾಯಣ ಮಾಡ್ತಿದೀಯೇನೆ? ಇನ್ನೂ ನಾಲ್ಕು ಜನ ಸ್ನಾನಕ್ಕೆ ಕಾಯ್ತಿದಾರೆ," ಅಮ್ಮ ಗಿರಿಜಾ ಬಾಗಿಲು ಬಡಿದಳು.

ಆ ದಿನ ಸಂಜೆ ಫಣೀಂದ್ರನ ನಿಶ್ಚಿತಾರ್ಥ. ಫಣೀಂದ್ರ ಎಂದರೆ ಸೋದರತ್ತೆ ಹೈಮಾವತಿಯ ಮಗ, ಪ್ರೇರಣಾಳಿಗೆ ಬಾವ. ಮೈಸೂರಿನ ಹುಡುಗಿ ಹೈಮಾವತಿ ವಿಜಯವಾಡದ ರಾಮ್‌ಪ್ರಸಾದರನ್ನು ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಆ ಮನೆತನದಲ್ಲಿ ಒಂದು ಪದ್ಧತಿ. ವರಸೆಯ ಹುಡುಗಿ, ಅಂದರೆ ಸೋದರಮಾವನ ಮಗಳು, ಇರುವಾಗ ಹುಡುಗ ಹೊರಗಿನವಳನ್ನು ಒಪ್ಪಿಕೊಂಡರೆ, ನಿಶ್ಚಿತಾರ್ಥದ ಬೆಳಿಗ್ಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ಸೀರೆ ತಾಂಬೂಲ ಮುಂದೆ ಹಿಡಿದು ಕೇಳಬೇಕು: ನಿನ್ನ ಮನಸ್ಸಿನಲ್ಲಿ ಏನಾದರೂ ಇದೆಯಾ? ಅವಳು ಏನೂ ಇಲ್ಲ ಎಂದು ಸೀರೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಹೊಸ ಜೋಡಿಗೆ ಅವಳ ನಿಟ್ಟುಸಿರು ತಟ್ಟುತ್ತದೆಂದು ನಂಬಿಕೆ. ಮೂರು ತಲೆಮಾರಿನಲ್ಲಿ ಬೇರೆ ಉತ್ತರ ಕೊಟ್ಟವರು ಯಾರೂ ಇರಲಿಲ್ಲ. ಅದೊಂದು ಶಾಸ್ತ್ರ, ಅಷ್ಟೇ. ಇಡ್ಲಿಗೆ ಮುಂಚೆ ಮುಗಿದುಹೋಗುವಂಥದ್ದು.

ಅಪ್ಪ ಅಶ್ವತ್ಥನಿಗೆ ಬ್ಯಾಂಕಿನಲ್ಲಿ ತೆಲುಗು ನಾಡಿನ ಗಾಜುವಾಕಕ್ಕೆ ವರ್ಗವಾದಾಗ ಪ್ರೇರಣಾಳಿಗೆ ಹನ್ನೊಂದು ವರ್ಷ. ಅಲ್ಲಿಂದ ಮುಂದೆ ಬೇಸಿಗೆ ರಜೆಯೆಂದರೆ ವಿಜಯವಾಡವೇ. ರೈಲ್ವೆ ಗಾರ್ಡ್ ಆಗಿದ್ದ ರಾಮ್‌ಪ್ರಸಾದ ಮಾವನ ಬಳಿ ಒಂದು ಕ್ಯಾಸೆಟ್ಟಿತ್ತು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಆಂಗ್ಲೋ-ಇಂಡಿಯನ್ ಡ್ರೈವರು ಆಸ್ಟ್ರೇಲಿಯಾಕ್ಕೆ ಹೊರಟಾಗ ಕೊಟ್ಟುಹೋದದ್ದು. ಮೇಲೆ ದೊಡ್ಡ ಟೋಪಿ ಹಾಕಿ ಗಿಟಾರು ತಬ್ಬಿಕೊಂಡ ಅಮೆರಿಕದ ಹಾಡುಗಾರನ ಚಿತ್ರ, ಅದರ ಕೆಳಗೆ ಹೊಳೆಯುವ ಅಕ್ಷರಗಳಲ್ಲಿ 'ಗ್ರೇಟೆಸ್ಟ್ ಹಿಟ್ಸ್'. ಇಪ್ಪತ್ತು ಹಾಡು, ಎಲ್ಲವೂ ಅವನೇ ಬರೆದು ಅವನೇ ಹಾಡಿದವು. ಹಳ್ಳಿಯ ರಸ್ತೆ, ಗೂಡ್ಸ್ ಗಾಡಿ, ಬಿಟ್ಟುಹೋದ ಹೆಂಡತಿ, ಸತ್ತ ನಾಯಿ. ಅಳುವುದನ್ನೂ ಅವನು ಅವಸರವಿಲ್ಲದೆ ಅಳುತ್ತಿದ್ದ. ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದಾಗ ಪ್ರೇರಣಾ, ಫಣೀಂದ್ರ ಇಬ್ಬರೂ ಟೇಪ್‌ರೆಕಾರ್ಡರಿಗೆ ಕಿವಿಯಾನಿಸಿ ಕೂರುತ್ತಿದ್ದರು.

"ಏನಂತಾನೇ ತಾತ?" ಎಂದು ಫಣೀಂದ್ರ ಕೇಳುತ್ತಿದ್ದ. ಹಾಡುಗಾರನಿಗೆ ಅವನಿಟ್ಟ ಹೆಸರು ತಾತ. ಇಂಗ್ಲಿಷಿನ ಆ ಎಳೆದೆಳೆದ ಉಚ್ಚಾರ ಅವನಿಗೆ ಹತ್ತುತ್ತಿರಲಿಲ್ಲ. ಪ್ರೇರಣಾ ಅರ್ಥ ಹೇಳುತ್ತಿದ್ದಳು. ಮೂರನೆಯವರೆದುರು ತುಟಿ ಬಿಚ್ಚದ ಹುಡುಗಿ ತಾತನ ಬಾಯಲ್ಲಿ ಮಾತಾಡುವುದನ್ನು ಕಲಿತದ್ದು ಹಾಗೆ.

ಬಿ.ಎಸ್ಸಿ. ಮುಗಿಸಿ ಅಚ್ಯುತಾಪುರಂನ ಔಷಧಿ ಕಾರ್ಖಾನೆಯ ಲ್ಯಾಬಿಗೆ ಸೇರಿದ ಮೇಲೂ ಅದು ನಿಲ್ಲಲಿಲ್ಲ. ಕಂಪನಿ ಬಸ್ಸಿನಲ್ಲಿ ಕೂತು ವಾರಕ್ಕೊಂದು ಹಾಡಿನ ಅರ್ಥ ಬರೆದು ಅವನ ಫೋನಿಗೆ ಕಳಿಸುತ್ತಿದ್ದಳು. ಭಾಷೆ ಕನ್ನಡ, ಅಕ್ಷರ ತೆಲುಗು. ಅವನಿಗೆ ಕನ್ನಡ ಮನೆಮಾತೇ ಹೊರತು ಓದಲು ಬರುತ್ತಿರಲಿಲ್ಲ. ಏಳನೆಯ ಹಾಡು ಬರೆಯುವಾಗ ಅವಳು ಒಂದು ಕಳ್ಳತನ ಮಾಡಿದಳು. ಅದು ಲಾರಿ ಡ್ರೈವರನೊಬ್ಬನ ಹಾಡು; ದಿನಾ ತಾನು ಪ್ರೀತಿಸಿದವಳ ಮನೆಯ ಮುಂದೆ ಹಾದುಹೋಗುತ್ತಾನೆ, ಹಾರ್ನ್ ಹೊಡೆಯುವುದಿಲ್ಲ. ಅಷ್ಟಕ್ಕೇ ತಾತ ಮುಗಿಸಿದ್ದ. ಪ್ರೇರಣಾ ಕೊನೆಯಲ್ಲಿ ತನ್ನದೊಂದು ಸಾಲು ಸೇರಿಸಿದಳು: 'ನಿನ್ನ ಬೀದಿಯಲ್ಲಿ ನಿಧಾನವಾಗುವುದು ನಾನಲ್ಲ, ಈ ಲಾರಿಗೇ ಅಭ್ಯಾಸವಾಗಿಬಿಟ್ಟಿದೆ.' ಕಳಿಸಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು.

ಸ್ನಾನ ಮುಗಿಸಿ ಬಾಲ್ಕನಿಯಲ್ಲಿ ಟವೆಲು ಹರವುತ್ತಿದ್ದಾಗ ಫಣೀಂದ್ರ ಹಿಂದಿನಿಂದ ಬಂದು ಜಡೆ ಎಳೆದ. ಬೆಂಜ್ ಸರ್ಕಲ್ಲಿನ ಕಾರ್ ಶೋರೂಮಿನಲ್ಲಿ ಕೆಲಸ. ಮಾತಿನಲ್ಲೇ ಗಾಡಿ ಮಾರುವವನು. ಮಾವನ ಮಗಳೆಂದು ಅವಳನ್ನು ತೆಲುಗಿನಲ್ಲಿ ಮರದಲಾ ಎಂದೇ ಕರೆಯುತ್ತಿದ್ದ.

"ಏಂ ಮರದಲಾ, ಮುಖ ಯಾಕೆ ಹಂಗೆ? ನಿನ್ನ ಪಾಲಿನ ಸೀರೆ ಪೋಚಂಪಲ್ಲಿ ರೇಷ್ಮೆ ಅಂತೆ. ಅಮ್ಮ ನನ್ನ ಶೇರ್ವಾನಿಗಿಂತ ಜಾಸ್ತಿ ದುಡ್ಡು ಹಾಕಿದಾಳೆ."

"ಶೇರ್ವಾನಿ ನಿಂಗೆ ಆಗತ್ತಾ? ಹೊಟ್ಟೆ ನೋಡ್ಕೊಂಡಿದೀಯಾ?" ಎಂದಳು ಪ್ರೇರಣಾ.

"ಅಬ್ಬ, ಬಾಯಿ ಬಂತು! ಸರ್ಲೇ, ಒಂದು ಹೆಲ್ಪ್ ಮಾಡೇ ತಲ್ಲೀ, ನನ್ನ ತಾಯಿ. ಆ ತಾತನ ಏಳನೇ ಹಾಡಿನ ಅರ್ಥ ಬರೆದಿದ್ದೆಯಲ್ಲ, ಇನ್ನೊಂದ್ಸಲ ಕಳಿಸು. ಫೋನ್ ಬದಲಾಯಿಸಿದಾಗ ಎಲ್ಲ ಹೋಯ್ತು. ಸಾಯಂಕಾಲ ಮೈಕ್ ಕೊಡ್ತಾರೆ."

"ಮೈಕಲ್ಲಿ ಅದ್ಯಾಕೆ?"

"ಪ್ರತ್ಯೂಷಾಗೆ ಅದೇ ಬೇಕಂತೆ."

ಅಷ್ಟರಲ್ಲಿ ಅವನ ಫೋನಿಗೆ ಮದುವೆಯ ಹುಡುಗಿ ಪ್ರತ್ಯೂಷಾಳದೇ ವೀಡಿಯೋ ಕಾಲ್ ಬಂತು. "ಇಗೋ, ನಮ್ಮ ಪ್ರೇರಣಾ," ಎಂದು ಪರದೆಯನ್ನು ಇವಳತ್ತ ತಿರುಗಿಸಿದ. ಮೆಹೆಂದಿ ಹಚ್ಚಿದ ಎರಡೂ ಕೈಗಳನ್ನು ಎತ್ತಿ ಹಿಡಿದಿದ್ದ ಹುಡುಗಿ ಕಣ್ಣರಳಿಸಿ ನಕ್ಕಳು. ಚೆಲುವೆ, ಅದಕ್ಕಿಂತ ಹೆಚ್ಚಾಗಿ, ಒಳ್ಳೆಯವಳು ಎಂದು ನೋಡಿದ ಕೂಡಲೇ ತಿಳಿಯುವಂಥ ಮುಖ.

"ಅಕ್ಕಾ!" ಪ್ರತ್ಯೂಷಾ ತೆಲುಗಿನಲ್ಲಿ ಹೇಳಿದಳು, "ವರಸೆಯಲ್ಲಿ ನೀವು ನನಗೆ ಅಕ್ಕನೇ ಅಂತೆ. ಒಂದು ಗುಟ್ಟು ಹೇಳಲಾ? ಕಾರು ತೋರಿಸುವಾಗ ಈ ಮನುಷ್ಯ ನನಗೆ ಹಿಡಿಸಿರಲೇ ಇಲ್ಲ. ಬರೀ ಮಾತು. ಆಮೇಲೆ ಆ ಇಂಗ್ಲಿಷ್ ಹಾಡುಗಳನ್ನು ತೆಲುಗಿನಲ್ಲಿ ಬರೆದು ಕಳಿಸೋಕೆ ಶುರು ಮಾಡಿದರು. ಆ ಲಾರಿಗೇ ಅಭ್ಯಾಸವಾಗಿದೆ ಅನ್ನೋ ಸಾಲು ಓದಿ ನಾನು ಅತ್ತುಬಿಟ್ಟೆ ಅಕ್ಕಾ. ಮೂಲ ಹಾಡು ಹುಡುಕಿ ಮೂರು ಸಲ ಕೇಳಿದೆ, ಅದರಲ್ಲಿ ಆ ಸಾಲೇ ಇಲ್ಲ! ಕೇಳಿದ್ದಕ್ಕೆ, ನಿನಗೋಸ್ಕರ ನಾನೇ ಸೇರಿಸಿದೆ ಅಂದರು. ಆವತ್ತೇ ಅಮ್ಮನಿಗೆ ಹೇಳಿಬಿಟ್ಟೆ, ಮಾಡಿಕೊಂಡರೆ ಇವರನ್ನೇ ಅಂತ."

ಪರದೆಯ ಹಿಂದಿನಿಂದ ಫಣೀಂದ್ರ ಪ್ರೇರಣಾಳತ್ತ ನೋಡಿ ಕಣ್ಣು ಹೊಡೆದ. ಚಿಕ್ಕವರಿದ್ದಾಗ ಸಕ್ಕರೆ ಡಬ್ಬಿ ಖಾಲಿ ಮಾಡಿ, ಅಮ್ಮನಿಗೆ ಹೇಳಬೇಡ ಎನ್ನಲು ಹೊಡೆಯುತ್ತಿದ್ದನಲ್ಲ, ಅದೇ ಕಣ್ಣು. ಅವನ ಮುಖದಲ್ಲಿ ಅಪರಾಧವಿರಲಿಲ್ಲ. ತಾನೇನು ತೆಗೆದುಕೊಂಡೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಮಾಡಿದ್ದರೆ ದ್ವೇಷಿಸಬಹುದಿತ್ತು ಎನ್ನಿಸಿತು ಅವಳಿಗೆ.

"ಚೆನ್ನಾಗಿದೆ ಸಾಲು," ಎಂದಳು ಪ್ರೇರಣಾ ತೆಲುಗಿನಲ್ಲಿ.

"ಪ್ರೇರಣಾ, ರಾಮ್ಮಾ, ಬಾ!" ನಡುಮನೆಯಿಂದ ಅತ್ತೆ ಕೂಗಿದಳು.

ನೆಲದ ಮೇಲೆ ಮಣೆ, ಅದರ ಸುತ್ತ ಅವಸರದ ಒಂದು ರಂಗೋಲಿ. ಸೋಫಾದ ಮೇಲೆ ಅಮ್ಮ, ಅವಳ ಪಕ್ಕದಲ್ಲಿ ಮಾವನ ದೊಡ್ಡಮ್ಮ ಲಕ್ಷ್ಮೀಕಾಂತಮ್ಮ. ಹೈಮಾವತಿ ಹಣೆಗೆ ಕುಂಕುಮವಿಟ್ಟು, ಕೆನ್ನೆಗೆ ಅರಿಸಿನ ಸವರಿ, ಸೋದರಸೊಸೆಯ ಮುಖವನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದಳು.

"ನಂಗೂ ಆಸೆ ಇತ್ತು ಕಣೇ," ಮೆಲ್ಲಗೆ ಅಂದಳು. "ಹೋದ ವರ್ಷ ನಿಮ್ಮಮ್ಮನ್ನ ಕೇಳ್ದೆ. ಅವಳು ಏನೂ ಮಾತೇ ಆಡಲ್ಲ ಅತ್ತಿಗೆ, ಅವಳ ಮನಸ್ಸಲ್ಲಿ ಏನಿದೆಯೋ ನಂಗೇ ಗೊತ್ತಿಲ್ಲ ಅಂದ್ಲು. ಇವನೂ ಅಷ್ಟೇ, ಪ್ರೇರಣಾ ನನ್ನ ಫ್ರೆಂಡ್ ಅಮ್ಮಾ ಅಂದ. ಮತ್ತೆ ನಾನು ಸುಮ್ನಾದೆ."

ಗಿರಿಜಾ ಸೆರಗಿನ ಅಂಚನ್ನು ಮಡಿಚುತ್ತ ನೆಲ ನೋಡಿದಳು.

"ಮಾತಾಡ್ತಾ ಕೂತ್ರೆ ಹೇಗೆ, ತಿಂಡಿ ಆರಿಹೋಗ್ತಿದೆ," ಲಕ್ಷ್ಮೀಕಾಂತಮ್ಮ ತೆಲುಗಿನಲ್ಲಿ ಗೊಣಗಿದರು. "ಅಡಗವೇ ಹೈಮಾ, ಕೇಳಿಬಿಡು."

ಹೈಮಾವತಿ ತಟ್ಟೆಯನ್ನು ಮುಂದೆ ಹಿಡಿದಳು. ನೇರಳೆ ಬಣ್ಣದ ಸೀರೆ, ಎಲೆ, ಅಡಿಕೆ, ಎರಡು ಬಾಳೆಹಣ್ಣು. ಬಾಗಿಲ ಬಳಿ ಫಣೀಂದ್ರ ಇನ್ನೂ ಫೋನು ಹಿಡಿದು ನಿಂತಿದ್ದ. ಶಾಸ್ತ್ರವನ್ನು ಪ್ರತ್ಯೂಷಾಳಿಗೂ ತೋರಿಸುತ್ತಿದ್ದನೇನೋ, "ಈಗ ನೋಡು, ನಮ್ಮ ಪ್ರೇರಣಾ ಮಾತಾಡ್ತಾಳೆ," ಎಂದು ನಗುತ್ತಿದ್ದ.

"ನಿನ್ನ ಮನಸ್ಸಲ್ಲಿ ಏನಾದ್ರೂ ಇದೆಯೇನಮ್ಮಾ?" ಹೈಮಾವತಿ ಕೇಳಿದಳು. ಉತ್ತರವನ್ನೂ ತಾನೇ ನೆನಪಿಸಿದಳು, "ಏನೂ ಇಲ್ಲ ಕದಾ, ಅಲ್ವಾ?"

ಕೆಳಗೆ ಬೀದಿಯಲ್ಲಿ ಒಂದು ಆಟೋ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಪ್ರೇರಣಾ ಕೈ ಚಾಚಲಿಲ್ಲ.

"ಇದೆ ಅತ್ತೆ," ಅಂದಳು.

ಹೈಮಾವತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಕೆಳಗೆ ಇಡಲೂ ಇಲ್ಲ. ಎಲೆಯ ಮೇಲಿದ್ದ ಅಡಿಕೆಯೊಂದು ತಟ್ಟೆಯ ಅಂಚಿಗೆ ಉರುಳಿ ನಿಂತಿತು.