ಕೇಟಿಯ ಕಿಟಕಿಯಲ್ಲಿ ಅಲಾಸ್ಕದ ಪಾಚಿ

ಜುಲೈ ತಿಂಗಳ ಹೂಸ್ಟನ್ನಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಕೆಲಸ ಮಾಡುವವರು ಯಾರಾದರೂ ಇದ್ದರೆ ಅದು ಪ್ರಿಯಂವದಾ. ವಿಶ್ವವಿದ್ಯಾಲಯದ ಕಟ್ಟಡವೊಂದರ ಹಿಂಬದಿಯಲ್ಲಿ ಅವಳ ಶೀತಲಕೋಣೆಯಿತ್ತು. ಅದರೊಳಗೆ, ತೋಳುದ್ದದ ಕೊಳವೆಗಳಲ್ಲಿ, ಅಲಾಸ್ಕದ ಉತ್ತರದ ನೆಲ ಮಲಗಿತ್ತು. ಸಾವಿರಾರು ವರ್ಷ ಹೆಪ್ಪುಗಟ್ಟಿಯೇ ಇದ್ದ ಆ ನೆಲ ಈಗ ಬೇಸಿಗೆಯಿಂದ ಬೇಸಿಗೆಗೆ ಸಡಿಲವಾಗುತ್ತಿದೆ. ಕರಗಿದಾಗ ಅದರೊಳಗಿಂದ ಭೂಮಿಯನ್ನು ಇನ್ನಷ್ಟು ಬಿಸಿ ಮಾಡುವ ಏನೇನು ಅನಿಲ ಗಾಳಿಗೆ ಸೇರುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅಲ್ಲಿಗೆ ಹೋಗಿ, ನೆಲವನ್ನು ಕೊರೆದು, ಕಬ್ಬಿನ ಜಲ್ಲೆಯಂತೆ ತುಂಡು ತುಂಡಾಗಿ ತಂದವಳೂ ಅವಳೇ.

ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು, ಹೂಸ್ಟನ್ ಮರೆತುಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಬಿಳಿ ಹತ್ತಿಯಂಥ ಹೂ ಬಿಟ್ಟ ಹುಲ್ಲು ದಿಗಂತದವರೆಗೂ ತಲೆಯಾಡಿಸುತ್ತಿತ್ತು. ಮುಳುಗಲು ಮರೆತ ಸೂರ್ಯ ಗಾಣದ ಎತ್ತಿನ ಹಾಗೆ ಆಕಾಶದ ಅಂಚಿನಲ್ಲೇ ಸುತ್ತುತ್ತಿದ್ದ. ಕಾಲಿಟ್ಟಲ್ಲೆಲ್ಲ ನೆಲ ಹಾಸಿಗೆಯಂತೆ ತಗ್ಗಿ, ಮತ್ತೆ ಮೆಲ್ಲನೆ ಏಳುತ್ತಿತ್ತು.

ಇದನ್ನೆಲ್ಲ ಅವಳು ಗಂಡನಿಗೆ ಹೇಳಿರಲಿಲ್ಲ. ಕೃಷ್ಣಚೈತನ್ಯ ಹೂಸ್ಟನ್ನಿನದೇ ಒಂದು ತೈಲ ಕಂಪನಿಯಲ್ಲಿ ಎಂಜಿನಿಯರ್. ಅವಳ ನೆಲ ಕರಗುವುದಕ್ಕೂ ಅವನ ಕೆಲಸಕ್ಕೂ ಇರುವ ನಂಟು ಇಬ್ಬರಿಗೂ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗ ಒಮ್ಮೆ ಆ ಮಾತು ಬಂದು, ಬಡಿಸಿದ ಅನ್ನ ತಣ್ಣಗಾಗುವವರೆಗೂ ಜಗಳವಾಗಿತ್ತು. ಆಮೇಲೆ ಇಬ್ಬರೂ ಆ ಮಾತನ್ನೇ ಬಿಟ್ಟರು. ಅವನು ಅವಳ ಶೀತಲಕೋಣೆಯೊಳಗೆ ಕಾಲಿಡಲಿಲ್ಲ, ಅವಳೂ ಕರೆಯಲಿಲ್ಲ.

ಆ ವರ್ಷ ಜುಲೈನಲ್ಲಿ ಚಂಡಮಾರುತ ಬಂತು. ಬೆಳಕು ಹರಿಯುವಷ್ಟರಲ್ಲಿ ಓಕ್ ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು, ಊರಿಗೆ ಊರೇ ಕರೆಂಟಿಲ್ಲದೆ ಬೇಯುತ್ತಿತ್ತು. ಶೀತಲಕೋಣೆಗೆ ಜನರೇಟರ್ ಇತ್ತು. ಮಾರನೆಯ ದಿನ ಅದೂ ಕೆಮ್ಮಿ ಕೆಮ್ಮಿ ನಿಂತುಹೋಯಿತೆಂದು ಫೋನು ಬಂತು. ಅವಳು ಅಡುಗೆಮನೆಯಿಂದಲೇ ಗಂಡನಿಗೆ ಕೂಗಿ ಹೇಳಿದಳು.

"ಎಷ್ಟು ಹೊತ್ತು ತಡಿಯತ್ತೆ?" ಎಂದು ಕೇಳಿದ ಕೃಷ್ಣಚೈತನ್ಯ.

"ಸಾಯಂಕಾಲದವರೆಗೆ ಇರಬಹುದೇನೋ."

"ಸರಿ, ನಡಿ." ಅವನು ಆಗಲೇ ಕಾರಿನ ಹಿಂದಿನ ಸೀಟುಗಳನ್ನು ಮಡಚಲು ಹೋಗಿದ್ದ.

ಎಲ್ಲಿಗೆ ಒಯ್ಯುವುದು? ಅವಳಿಗೆ ವೆಂಕಟಗಿರಿ ಅಂಕಲ್ ನೆನಪಾದರು. ಧಾರವಾಡದವರು; ತಮ್ಮ ಮನೆಯಿದ್ದ, ಹೂಸ್ಟನ್ನಿನ ಹೊರವಲಯದ ಕೇಟಿಯಲ್ಲೇ ಅವರ ದಿನಸಿ ಅಂಗಡಿ, ಅದರ ಹಿಂದೆ ಮನುಷ್ಯ ನಡೆದು ಹೋಗುವಷ್ಟು ದೊಡ್ಡ ಫ್ರೀಜರ್, ಅದಕ್ಕೊಂದು ಸ್ವಂತ ಜನರೇಟರ್. ಫೋನು ಮಾಡಿದಳು.

"ಏನಂದಿ ತಂಗಿ? ಮಣ್ಣಾ?"

"ಹೌದು ಅಂಕಲ್. ಹೆಪ್ಪುಗಟ್ಟಿದ ಮಣ್ಣು. ಭದ್ರವಾಗಿ ಸೀಲ್ ಮಾಡಿದೀವಿ, ಯಾವುದಕ್ಕೂ ತಾಗಲ್ಲ. ಕರಗಿಬಿಟ್ರೆ ನನ್ನ ಕೆಲಸವೆಲ್ಲ ಹೋಯ್ತು."

"ತಗೊಂಡ ಬಾರವಾ. ಒಳಗ ಜಾಗಾ ಭಾಳ ಅದ. ಹೋಳಿಗಿ ಸರಸಿ ಇಡ್ತೀನಿ."

ಕೃಷ್ಣಚೈತನ್ಯ ಅಂದು ಮೊದಲ ಬಾರಿಗೆ ಆ ಕೋಣೆಯೊಳಗೆ ಬಂದ. ಟಾರ್ಚಿನ ಬೆಳಕಿನಲ್ಲಿ ಕೊಳವೆಗಳು ಸಾಲಾಗಿ ಮಲಗಿದ್ದನ್ನು ಕಂಡು ಅವನ ಧ್ವನಿ ತಾನಾಗಿ ತಗ್ಗಿತು, ತೊಟ್ಟಿಲಲ್ಲಿ ಮಗು ನಿದ್ದೆ ಹೋದ ಮನೆಗೆ ಬಂದವರ ಹಾಗೆ. ಇಬ್ಬರೂ ಒಂದೊಂದನ್ನೇ ಎತ್ತಿ, ಐಸ್ ತುಂಬಿದ ಪೆಟ್ಟಿಗೆಗಳಿಗೆ ಇಳಿಸಿದರು. ರಸ್ತೆಯಲ್ಲಿ ಸಿಗ್ನಲ್‌ಗಳೆಲ್ಲ ಸತ್ತಿದ್ದವು. ಕಾರುಗಳು ಇರುವೆಯಂತೆ ತೆವಳುತ್ತಿದ್ದವು. ಬಿಸಿಲು ಗಾಜಿನ ಮೇಲೆ ಸುರಿಯುತ್ತಿತ್ತು. ಅವಳು ಹಿಂದೆ ಪೆಟ್ಟಿಗೆಗಳ ನಡುವೆ ಕೂತು, ಅವುಗಳ ಮೇಲೆ ಕಂಬಳಿ ಹೊದಿಸಿ, ಕೈಯಿಟ್ಟುಕೊಂಡೇ ಬಂದಳು.

ಆದರೂ ಒಂದು ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮಿಕ್ಕವೆಲ್ಲ ಅಂಗಡಿಯ ಫ್ರೀಜರಿನಲ್ಲಿ ಪರೋಟ, ತುರಿದ ಕಾಯಿ, ಅವರೆಕಾಳಿನ ಪೊಟ್ಟಣಗಳ ಪಕ್ಕದಲ್ಲಿ ಸುಖವಾಗಿ ಸೇರಿಕೊಂಡವು. ಆ ಪೆಟ್ಟಿಗೆಯ ಕೊಳವೆಯನ್ನು ತೆರೆದಾಗ ಮಾತ್ರ ಒಳಗಿದ್ದದ್ದು ಕೆಸರು. ಅದರಿಂದ ಒಂದು ವಾಸನೆ ಎದ್ದಿತು: ಹಳೆಯ ಬಾವಿಯದೂ ಅಲ್ಲ, ಮಳೆಯದೂ ಅಲ್ಲ, ಯಾರೂ ಹುಟ್ಟುವ ಮೊದಲಿನ ಒಂದು ಬೆಳಗಿನದಿರಬೇಕು. ಅಂಗಡಿಯ ಹಿಂಬಾಗಿಲಲ್ಲಿ ಅಂಕಲ್ ಸೇರಿ ಮೂವರೂ ಅದನ್ನು ಉಸಿರಾಡಿದರು.

"ಹೋಯ್ತು. ಇನ್ನು ಅಳತೆಗೆ ಬರಲ್ಲ" ಎಂದಳು ಪ್ರಿಯಂವದಾ. ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು ಅತ್ತಳು.

ಕೃಷ್ಣಚೈತನ್ಯ ಬಗ್ಗಿ ಕೆಸರನ್ನು ನೋಡುತ್ತಿದ್ದ. ಅದರಲ್ಲಿ ಕಂದು ಬಣ್ಣದ ನಾರಿನಂಥ ಒಂದು ಮುದ್ದೆಯಿತ್ತು.

"ಇದೇನು?"

"ಪಾಚಿ. ಪುಟ್ಟ ಕಾಂಡ, ಎಲೆ ಇರೋ ಜಾತಿ. ಯಾವತ್ತೋ ಸತ್ತಿರೋದು."

"ಮನೆಗೆ ತಗೊಂಡು ಹೋಗ್ಲಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಸೆರಗಿಲ್ಲದ್ದರಿಂದ ಟೋಪಿಯಿಂದಲೇ ಮೂಗೊರೆಸಿಕೊಂಡಳು. "ಹಾಗೇ ಬರಿಗೈಲಿ ಮುಟ್ಟಬೇಡ" ಎಂದು ತನ್ನ ಚೀಲದಿಂದ ಕೈಗವಸನ್ನೂ ಮುಚ್ಚಳವಿರುವ ಶುದ್ಧ ಗಾಜಿನ ಬಟ್ಟಲನ್ನೂ ಕೊಟ್ಟಳು.

ಕರೆಂಟು ಬಂತು, ಶೀತಲಕೋಣೆ ರಿಪೇರಿಯಾಯಿತು, ಉಳಿದ ನೆಲ ಮರಳಿ ತನ್ನ ಜಾಗಕ್ಕೆ ಹೋಯಿತು. ಬಟ್ಟಲು ಮಾತ್ರ ಮನೆಯ ಉತ್ತರದ ಕಿಟಕಿಯಲ್ಲಿ ಉಳಿಯಿತು. ಪ್ರತಿ ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ಕೃಷ್ಣಚೈತನ್ಯ, ಅವಳು ಹೇಳಿಕೊಟ್ಟ ಹಾಗೆ, ಕುದಿಸಿ ಆರಿಸಿದ ನೀರನ್ನು ಹನಿಸುತ್ತಿದ್ದ. ಪ್ರಿಯಂವದಾ ಅದರತ್ತ ನೋಡುತ್ತಲೂ ಇರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಅವನು ಕಾಫಿ ಲೋಟವನ್ನು ಹಾಗೇ ಬಿಟ್ಟು, "ಪ್ರಿಯಾ, ಬಾ ಇಲ್ಲಿ" ಎಂದು ಕೂಗಿದ.

ಕಂದು ಕಾಂಡವೊಂದರ ತುದಿಯಲ್ಲಿ ಸೂಜಿಮೊನೆಯಷ್ಟು ಹಸಿರು.

ಅವಳು ಕೂಡಲೇ ನಂಬಲಿಲ್ಲ. ಗಾಳಿಯಲ್ಲಿ ಯಾವ ಬೀಜಕಣವೋ ತೂರಿಬಂದಿರಬಹುದು. ಕೇಟಿಯ ಹಿತ್ತಲಿನ ಪಾಚಿಯೇ ಇರಬಹುದು. ಎರಡು-ಮೂರು ಗಂಟೆ ದಾರಿಯ ಆಸ್ಟಿನ್ನಿನಲ್ಲಿ ಪಾಚಿಗಳನ್ನೇ ಓದಿದ ಗೆಳತಿ ಶ್ರೀಜಾ ಇದ್ದಳು. ಬಟ್ಟಲನ್ನು ಅವಳಿಗೆ ಒಪ್ಪಿಸಿ ಬಂದರು. ಚಳಿಗಾಲ ಕಾಲಿಡುವ ಹೊತ್ತಿಗೆ ಶ್ರೀಜಾ ಬರಹೇಳಿದಳು.

ಸೂಕ್ಷ್ಮದರ್ಶಕದ ಮುಂದೆ ಇಬ್ಬರನ್ನೂ ಸರದಿಯಲ್ಲಿ ಕೂರಿಸಿ ಅವಳು ಹೇಳಿದಳು: "ಚಿಗುರು ಹೊರಗಿಂದ ಬಂದದ್ದಲ್ಲ ಕಣೇ. ಹಳೇ ಕಾಂಡದ ಒಳಗಿಂದಲೇ ಹೊರಟಿದೆ. ಕಾಂಡದ ವಯಸ್ಸೂ ಬಂತು. ಹೆಚ್ಚುಕಮ್ಮಿ ನಮ್ಮ ಕದಂಬರ ಕಾಲದ್ದು."

"ಅಷ್ಟು ದಿನ ಮಲಗಿತ್ತಾ?" ಎಂದ ಕೃಷ್ಣಚೈತನ್ಯ. ಅವನ ಕಣ್ಣು ಮಸೂರಕ್ಕೆ ಅಂಟಿಕೊಂಡೇ ಇತ್ತು.

"ಒಂದೇ ಒಂದು ಕಾಂಡ. ಇದರಿಂದ ದೊಡ್ಡ ಮಾತೇನೂ ಹೇಳೋಕಾಗಲ್ಲ. ಆದ್ರೆ ಹುಡುಕಬೇಕು ಅಂತ ಹೇಳಬಹುದು" ಎಂದಳು ಶ್ರೀಜಾ.

ಮರಳುವಾಗ ಸಂಜೆಗೆಂಪು ಹುಲ್ಲುಗಾವಲುಗಳ ಮೇಲೆ ಹರಡಿತ್ತು. ದನಗಳು ಕನಸಿನಲ್ಲಿ ನಿಂತಂತೆ ನಿಂತಿದ್ದವು.

"ಇದು ಒಳ್ಳೇ ಸುದ್ದೀನಾ?" ಎಂದು ಕೇಳಿದ ಅವನು.

"ಪಾಚಿಗೆ ಒಳ್ಳೇದು. ಆದ್ರೆ ನೆಲ ಕರಗಿದಾಗ ಅದರ ಜೊತೆಗೆ ಅನಿಲಾನೂ ಏಳತ್ತೆ. ಒಂದನ್ನ ಬಿಟ್ಟು ಇನ್ನೊಂದು ಬರಲ್ಲ ಚೈತನ್ಯ."

ಅವನು ಅದಕ್ಕೆ ವಾದ ಹೂಡಲಿಲ್ಲ. "ಅಲ್ಲಿ ಹೇಗಿರತ್ತೆ? ನೀನು ಹೋದ ಜಾಗ. ನಾನು ಯಾವತ್ತೂ ಕೇಳೇ ಇಲ್ಲ" ಎಂದ.

ಅವಳು ಸೀಟಿಗೆ ಒರಗಿದಳು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ಮೊದಲು ಸೊಳ್ಳೆಗಳ ಬಗ್ಗೆ ಹೇಳಿದಳು. ಅವನು ನಕ್ಕ. ನೆಲದಡಿಯಲ್ಲಿ ನೀರು ಗುಳುಗುಳು ಎನ್ನುವುದನ್ನು, ಡೇರೆಯ ಪಕ್ಕದಲ್ಲೇ ನಿಶ್ಶಬ್ದವಾಗಿ ಹಾದುಹೋದ ಹಿಮಸಾರಂಗಗಳ ಹಿಂಡನ್ನು, ಒಬ್ಬಳೇ ಕೂತು ಅವಲಕ್ಕಿ ತಿಂದದ್ದನ್ನು ಹೇಳಿದಳು. ಮನೆಗೆ ತಿರುಗಬೇಕಾದ ಕೇಟಿಯ ಎಕ್ಸಿಟ್ ಬಂತು, ದಾಟಿಹೋಯಿತು. ಇಬ್ಬರೂ ಗಮನಿಸಿದರು. ಅವನು ವೇಗ ಕಡಿಮೆ ಮಾಡಲಿಲ್ಲ, ಅವಳೂ ಮಾತು ನಿಲ್ಲಿಸಲಿಲ್ಲ.